ನೀರು ನಿಲ್ಲಿಸಿದ ಗಿಡ

ಕಾರ್ತಿಕ ಮುಗಿದ ಮರುದಿನ ನಾನು ಜಯಮಾಲಾಳ ಮ್ಯಾಗ್ನೋಲಿಯಾ ಗಿಡಕ್ಕೆ ನೀರು ನಿಲ್ಲಿಸಿದೆ. ಎರಡು ವಾರ ಬಿಟ್ಟು, ಎಲೆಗಳನ್ನೆಲ್ಲ ಒಂದೊಂದಾಗಿ ಕೈಯಿಂದಲೇ ಚಿವುಟಿ ತೆಗೆದೆ.

ಜಯಮಾಲಾ ನನ್ನ ಹೆಂಡತಿ. ಕಳೆದ ಮಾಘದಲ್ಲಿ ತೀರಿಕೊಂಡಳು. ಗರುಡಾಚಾರ್‌ಪಾಳ್ಯದ ನಮ್ಮ ಹಿತ್ತಲಲ್ಲಿ ಆರು ವರ್ಷ ಅವಳು ಆ ಗಿಡವನ್ನು ಸಾಕಿದ್ದಳು. ಸಂಪಿಗೆಯ ಬಳಗದ್ದು; ಆದರೆ ಚಳಿಗೆ ಎಲೆಯೆಲ್ಲ ಉದುರಿಸಿ, ಬರಿ ಕೊಂಬೆಯಲ್ಲಿ ಘಮಘಮಿಸುವ ಬಿಳಿ ಹೂ ಬಿಡುತ್ತದೆಂದು ಮಾರಿದವನು ಹೇಳಿದ್ದ. ಮೊದಲ ಹೂ ಮುನೇಶ್ವರನಿಗೆ ಎಂದು ಅವಳು ಹರಕೆ ಹೊತ್ತಳು. ಪ್ರತಿ ವರ್ಷವೂ ತುಪ್ಪಳ ಹೊದ್ದ ಮೊಗ್ಗು ಬರುತ್ತಿತ್ತು, ಅರಳದೆ ಉದುರುತ್ತಿತ್ತು. ಎಲೆ ಮಾತ್ರ ಹಸಿರಾಗಿಯೇ ಉಳಿಯುತ್ತಿತ್ತು. ಅವಳ ವರ್ಷದ ತಿಥಿಯೊಳಗೆ ಹರಕೆ ತೀರಿಸಲೇಬೇಕೆಂದು ನಿಶ್ಚಯಿಸಿದೆ.

ಪಕ್ಕದ ಮನೆಯ ಲಕ್ಷ್ಮಿಕಾಂತ ಮಹಡಿಯಿಂದ ಬಗ್ಗಿ ನೋಡಿದ. "ಏನ್ರೀ ಮುನಿರಾಜಪ್ಪನೋರೆ, ಗಿಡಕ್ಕೂ ಮುಡಿ ಕೊಡಿಸ್ಬಿಟ್ರಾ?"

"ಹೂಂ. ಕಿವಿ ಚುಚ್ಚೋದೊಂದು ಬಾಕಿ ಇದೆ. ಊಟಕ್ಕೆ ಬನ್ನಿ."

ಸೊಸೆ ನಂದಿತಾ ನಗಲಿಲ್ಲ. "ಅತ್ತೆ ಮಗೂ ಥರ ನೋಡ್ಕೊಂಡಿದ್ ಗಿಡ, ಮಾವ. ಹಿಂಗೆ ಒಣಗಿಸ್ತೀರಲ್ಲ."

"ನಮ್ ದ್ರಾಕ್ಷಿ ಚಪ್ಪರಕ್ಕೂ ಹಿಂಗೇ ಮಾಡ್ತಿದ್ದೆ ಕಣಮ್ಮ. ನೀರು ಕೊಡ್ತಾನೇ ಇದ್ರೆ ಅದು ಮಲಗಲ್ಲ. ಮಲಗದೆ ಎದ್ದೇಳೋದು ಹೆಂಗೆ?"

ಹತ್ತು ದಿನ ಕಳೆದು ಬುಡಕ್ಕೆ ಬೆರಳು ಹಾಕಿ ನೋಡಿದರೆ ಮಣ್ಣು ತೇವವಾಗಿತ್ತು. ಎರಡು ನುಚ್ಚಕ್ಕಿ ಕಾಳನ್ನು ಇರುವೆಗಳು ಎಳೆಯುತ್ತಿದ್ದವು. ನಂದಿತಾಳನ್ನು ಕರೆದೆ.

"ಅಕ್ಕಿ ತೊಳೆದ ನೀರು ಹಾಕ್ತಿದ್ಯಾ?"

"ಒಂದೇ ಚೊಂಬು ಮಾವ. ಸಾಯ್ತಾ ಇದೆ ಅನ್ನಿಸ್ತು."

"ಯಾವಾಗಿಂದ?"

"ನೀವು ನಿಲ್ಸಿದ್ ದಿನದಿಂದ."

ಚಳಿಗಾಲ ಅರ್ಧ ಕಳೆದಿತ್ತು. ಬೈಯಲೆಂದೇ ಬಾಯಿ ತೆರೆದೆ, ಬೇರೆ ಮಾತು ಬಂತು.

"ನಿಮ್ಮತ್ತೇನೂ ಹಿಂಗೇ ಹಾಕ್ತಿದ್ಳು. ಅದಕ್ಕೇ ಹೂ ಬಿಡ್ಲಿಲ್ಲ. ನಂಗೆ ಗೊತ್ತಿತ್ತು."

"ಗೊತ್ತಿದ್ದೂ ಅವ್ರಿಗೆ ಹೇಳ್ಲಿಲ್ವಾ?"

"ಬೆಳಗ್ಗೆ ಅದ್ರ ಜೊತೆ ಮಾತಾಡ್ಕೊಂಡು ನೀರು ಹಾಕೋಳು. ನಿಲ್ಸು ಅನ್ನೋಕೆ ಮನಸ್ಸು ಬರ್ಲಿಲ್ಲ. ಮುಂದಿನ್ ವರ್ಷ ಹೇಳೋಣ, ಮುಂದಿನ್ ವರ್ಷ ಹೇಳೋಣ ಅಂತಿದ್ದೆ."

ನಂದಿತಾ ಒಳಗಿನಿಂದ ಹಳೆಯ ಪ್ಲಾಸ್ಟಿಕ್ ಹೊದಿಕೆ ತಂದು ಒಂದು ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ನೀರಿಳಿಯದಂತೆ ಬುಡ ಮುಚ್ಚಿ, ಸುತ್ತ ಇಟ್ಟಿಗೆ ಹೇರಿದೆವು.

ತಿಥಿಯ ದಿನ ಹೂ ಇರಲಿಲ್ಲ. ಬಂದ ನೆಂಟರು ಬರಿ ಕೊಂಬೆ ನೋಡಿ, ಕಿತ್ತು ಬೇರೆ ನೆಡಿ ಎಂದರು. ನಾನು ಹೊದಿಕೆ ತೆಗೆಯಲಿಲ್ಲ.

ಶಿವರಾತ್ರಿ ಕಳೆದ ಮೂರನೆಯ ಬೆಳಗ್ಗೆ ಒಂದು ಮೊಗ್ಗು ತುಪ್ಪಳ ಬಿರಿದು ಅರಳಿತು. ಒಂದೇ. ನಂದಿತಾ ಮುಖ ಹತ್ತಿರ ತಂದಳು.

"ಮೂಸಬೇಡಮ್ಮ. ದೇವರದ್ದು."

ಹೂ ಬಿಡಿಸಿ ತಟ್ಟೆಯಲ್ಲಿಟ್ಟುಕೊಂಡು ಬಾಯಲ್ಲೇ ಉಸಿರಾಡುತ್ತ ಗುಡಿಯವರೆಗೆ ನಡೆದೆ. ಅವಳೂ ಹಾಗೆಯೇ ಜೊತೆಗೆ ಬಂದಳು.

"ಯಾರ ಹೆಸ್ರಲ್ಲಿ ಅರ್ಚನೆ?" ಎಂದ ಪೂಜಾರಿ.

"ಜಯಮಾಲಾ."

ಅವನ ಕೈ ನಿಂತಿತು. "ಹೋದೋರ್ ಹೆಸ್ರಲ್ಲಿ ಮಾಡೋ ಹಾಗಿಲ್ಲ, ಯಜಮಾನ್ರೆ."

"ಅರ್ಚನೆ ಬೇಡ ಸ್ವಾಮಿ. ಹರಕೆ ಅವಳ್ದು, ತಡ ಮಾಡಿದೋನು ನಾನು. ಬರೀ ಹೂ ಇಡಿ."

ಅವನು ಹೂವನ್ನು ಮುನೇಶ್ವರನ ಪಾದದಲ್ಲಿಟ್ಟ. ಆಗ ಮೂಗಿನಿಂದ ಉಸಿರೆಳೆದುಕೊಂಡೆ.