ಹಳೆಯ ಮಾಡಿನ ರೀಪುಗಳು

"ಇದು?" ಎಂದಳು ಸೊಸೆ, ರೀಪಿನ ಒಂದು ತುದಿಯನ್ನು ಮೊಣಕಾಲಿನವರೆಗೆ ಎತ್ತಿ ಮೆಟ್ಟಿಲ ಕಲ್ಲಿನ ಮೇಲೆ ಬಿಟ್ಟು.

"ಟಣ್ ಅಂತು. ಬಲಕ್ಕೆ ಹಾಕು," ಎಂದರು ಅತ್ತೆ.

ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಅವರು ಬೆಳಿಗ್ಗೆಯಿಂದ ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಎದುರಿಗಿದ್ದವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕಿವಿಗೆ ಮಾತ್ರ ಏನೂ ಆಗಿರಲಿಲ್ಲ. ಸೊಸೆ ಅಡುಗೆಮನೆಯಲ್ಲಿ ಗೊಣಗಿದ್ದು ಅವರಿಗೆ ಬೀದಿಬಾಗಿಲಲ್ಲಿ ಕೇಳುತ್ತಿತ್ತು. ಅವರ ಬೆನ್ನ ಹಿಂದೆ ಮನೆ ತಲೆ ಬೋಳಿಸಿಕೊಂಡಂತೆ ನಿಂತಿತ್ತು. ಹೆಂಚುಗಳನ್ನೆಲ್ಲ ಇಳಿಸಿ ಗೋಡೆಗೆ ಒರಗಿಸಿದ್ದರು. ಹೆಂಚು ಕೂರುವ ಮರದ ರೀಪುಗಳನ್ನು ಮೊಳೆ ಕಿತ್ತು ಅಂಗಳಕ್ಕೆ ಹಾಕಿದ್ದರು. ಮೇಲೆ ಉಳಿದದ್ದು ತೊಲೆ, ಜಂತೆ ಮತ್ತು ಬಿಸಿಲು.

ಆ ರೀಪುಗಳನ್ನು ತೀರಿಹೋದ ಮಾವ ತಮ್ಮ ಕೈಯಾರೆ ಕೊಯ್ದು ಹೊಡೆದಿದ್ದರು. ಅವೇ ಮತ್ತೆ ಮೇಲೇರಬೇಕೆಂದು ಅತ್ತೆಯ ಹಟ. ಪೂರ್ತಿ ಹೊಸದೇ ಆಗಬೇಕೆಂದು ಸೊಸೆಯ ಆಸೆ. ಮಗ ಮಾತ್ರ "ನೀವಿಬ್ಬರೂ ಏನು ಹೇಳ್ತೀರೋ ಅದೇ ಆಗ್ಲಿ" ಎಂದು ಯಾವ ದೋಣಿಗೂ ಕಾಲಿಡದೆ ಕೆಲಸಕ್ಕೆ ಹೋಗಿಬಿಟ್ಟಿದ್ದ.

ಕೊನೆಗೆ ದಾರಿ ಹೇಳಿದವನು ಬಡಗಿ. "ಸವೆದ ಹಳೇದನ್ನೂ ದಪ್ಪದ ಹೊಸದನ್ನೂ ಒಂದೇ ಇಳಿಜಾರಲ್ಲಿ ಬೆರೆಸಿದ್ರೆ ಹೆಂಚು ಸಮನಾಗಿ ಕೂರಲ್ಲಮ್ಮ. ಮುಂದಿನ ಕೋಣೆ ಕಡೆಗೆ ಸಾಕಾಗೋಷ್ಟು ಗಟ್ಟಿ ರೀಪು ಸಿಕ್ರೆ ಅಲ್ಲಿಗೆ ಹಳೇದು, ಹಿಂದಕ್ಕೆ ಹೊಸದು. ಸಾಲದಿದ್ರೆ ಎರಡೂ ಕಡೆ ಹೊಸದು. ಕಲ್ಲಿನ ಮೇಲೆ ಬಿಟ್ಟು ನೋಡಿ. ಟಣ್ ಅಂದ್ರೆ ಗಟ್ಟಿ. ದಪ್ ಅಂದ್ರೆ ಒಳಗೆ ಕುಟ್ಟೆ ಹುಳ ಊಟ ಮುಗಿಸಿದೆ ಅಂತ." ಇಷ್ಟು ಹೇಳಿ ಅವನು ಹೊಸ ಮರ ನೋಡಲು ಸಾಮಿಲ್ಲಿಗೆ ಹೋಗಿದ್ದ.

ಮುಂದಿನ ಕೋಣೆ ಅತ್ತೆಯದು. ಅಲ್ಲಿಯ ಹಾಸಿಗೆಯ ಮೇಲೆ ಕುಟ್ಟೆಯ ಹುಡಿ ಉದುರದ ಬೆಳಗು ಸೊಸೆಗೆ ನೆನಪಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ದಿಂಬು ಕೊಡವಿ, ಹೊದಿಕೆ ಕೊಡವಿ, ನೆಲ ಗುಡಿಸಿ ಅವಳ ರಟ್ಟೆ ಸೋತಿತ್ತು. ಅದೇ ಮರ ಮತ್ತೆ ಮೇಲೇರಿದರೆ ತನ್ನ ತಲೆ ನರೆಯುವವರೆಗೂ ಕೊಡವುತ್ತಲೇ ಇರಬೇಕು.

ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ರಾಶಿ ಅವಳು ಅಂದುಕೊಂಡಿದ್ದಕ್ಕಿಂತ ಎತ್ತರವಾಗಿತ್ತು. ಅವಳು ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೊಸದಾಗಿ ಎತ್ತಿಕೊಂಡ ರೀಪನ್ನು ಕಲ್ಲಿಗೆ ಬಿಡದೆ, ಸದ್ದಾಗದಂತೆ ಎಡಕ್ಕೆ, ಹುಳ ತಿಂದವುಗಳ ರಾಶಿಗೆ ಜಾರಿಸಿದಳು. ಅದರ ಬದಲು ಎಡಗಡೆಯ ರಾಶಿಯಿಂದ ಒಂದು ಸತ್ತ ರೀಪು ಎಳೆದು ಬಿಟ್ಟಳು. ದಪ್.

"ಹೋಯ್ತು," ಎಂದರು ಅತ್ತೆ.

ಇನ್ನೊಂದನ್ನು ಜಾರಿಸಿ ಮತ್ತೆ ಅದನ್ನೇ ಬಿಟ್ಟಳು. ದಪ್.

"ಇದೂ ಹೋಯ್ತಾ."

ಮತ್ತೊಂದು ಸಲ. ದಪ್.

ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಂಡರು. "ಸತ್ತಿದ್ದನ್ನೇ ಎಷ್ಟು ಸಲ ಸಾಯಿಸ್ತೀಯೇ? ಬೇರೆ ತಗೋ."

ಸೊಸೆಯ ಕಿವಿ ಬಿಸಿಯಾಯಿತು. "ಬಿಸಿಲಿಗೆ ಕೈ ತಪ್ಪಿತು, ಅತ್ತೆ."

"ಕೈ ಅಂದ್ಮೇಲೆ ತಪ್ಪುತ್ತೆ, ಬಿಡು." ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಮೊದಲಿಂದಲೂ ಹಾಗೇ ಇತ್ತು ಕಣೇ. ಅಂಥವು ಬೇಕಾದಷ್ಟಿದ್ವು. ಏಣಿ ಕೆಳಗೆ ನಿಂತು ಒಂದೊಂದೇ ಎತ್ತಿ ಕೊಟ್ಟೋಳು ನಾನು. ಇದು ಎಳೆ ಮರ, ಹುಳ ಹಿಡಿಯುತ್ತೆ, ಬೇಡ ಅಂದೆ. 'ನನಗೂ ಸಾಕಾಗಿದೆ, ಕೊಡೇ' ಅಂದ್ರು ನಿನ್ನ ಮಾವ. ಮುಖ ನೋಡಿದೆ. ಕೊಟ್ಟೆ."

"ಮತ್ತೆ ಬಂದೋರ ಹತ್ರ ಎಲ್ಲ, ನಮ್ಮೋರು ಹೊಡೆದ ಮಾಡಿಗೆ ಹುಳ ಸುಳಿಯಲ್ಲ ಅಂತಿದ್ರಿ?"

"ಅನ್ಬೇಕಾಗುತ್ತೆ. ನಿನ್ನ ಗಂಡ ಗೊರಕೆ ಹೊಡೆಯಲ್ಲ ಅಂತ ನೀನು ಹೇಳ್ಕೊಂಡು ಬರಲ್ವಾ?"

ಸೊಸೆಗೆ ನಗು ಬಂತು. ಬರಬಾರದಿತ್ತು, ಬಂತು.

"ಗಟ್ಟಿ ಇರೋದಷ್ಟೇ ಮೇಲೇರ್ಲಿ," ಎಂದರು ಅತ್ತೆ. "ಸಾಲದಿದ್ರೆ ಸಾಲಲ್ಲ. ನಾನೇನು ಅಳಲ್ಲ."

ಮತ್ತೆ ಕೆಲಸ ಸಾಗಿತು. ಟಣ್ ಎಂದರೆ "ಬಲಕ್ಕೆ", ದಪ್ ಎಂದರೆ "ಬಿಸಾಕು". ಬರಬರುತ್ತ ಅತ್ತೆಯ ಉತ್ತರ ತಡವಾಯಿತು. ಒಂದಕ್ಕೆ ಉತ್ತರವೇ ಬರಲಿಲ್ಲ. ತಿರುಗಿ ನೋಡಿದರೆ ತಲೆ ಭುಜಕ್ಕೆ ವಾಲಿತ್ತು, ಬಾಯಿ ತುಸು ತೆರೆದಿತ್ತು.

ರಾಶಿಯಲ್ಲಿ ಇನ್ನೂ ರೀಪುಗಳಿದ್ದವು. ಈಗ ಎಲ್ಲವನ್ನೂ ಎಡಕ್ಕೆ ಎಸೆದರೂ ಕೇಳುವವರಿಲ್ಲ. ಸೊಸೆ ಬೆವರು ಒರೆಸಿಕೊಂಡಳು. ಎಡಕ್ಕೆ ಜಾರಿಸಿದ್ದ ಮೂರನ್ನೂ ಹುಡುಕಿ ತೆಗೆದಳು. ಉಳಿದವುಗಳ ಜೊತೆ ಅವನ್ನೂ ತೋಳಿಗೆ ತುಂಬಿಕೊಂಡು, ಹಲವು ಸಲ ನಡೆದು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಸಾಗಿಸಿದಳು. ಅಲ್ಲಿ ಗೇಣೆತ್ತರದಿಂದ ಒಂದೊಂದನ್ನೇ ಬಿಟ್ಟು, ಬಗ್ಗಿ ಕಿವಿಗೊಟ್ಟು, ಗಟ್ಟಿಯಿದ್ದದ್ದನ್ನು ಬೇರೆ ಇಟ್ಟಳು. ಎಲ್ಲವನ್ನೂ ಮತ್ತೆ ಹೊತ್ತು ತಂದು ಅವವುಗಳ ರಾಶಿಗೆ ಸೇರಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು.

ಬಡಗಿ ಬಂದವನು ಬಲಗಡೆಯ ರಾಶಿಯ ಮೇಲೆ ಕಣ್ಣಾಡಿಸಿದ. "ಮುಂದಿನ ಕಡೆಗೆ ಸಾಕು. ತುಸು ಮಿಗುತ್ತೆ ಕೂಡ." ಆಮೇಲೆ ಅವಳ ಮುಖ ನೋಡಿ, ಕುರ್ಚಿಯ ಕಡೆ ನೋಡಿ ದನಿ ತಗ್ಗಿಸಿದ. "ಎಣ್ಣೆ ಹಾಕ್ತೀನಿ, ಆದ್ರೂ ಹಳೇ ಮರಕ್ಕೆ ಮುಂದೆ ಹುಳ ಹಿಡಿಯಲ್ಲ ಅಂತ ನಾನು ಭಾಷೆ ಕೊಡಲ್ಲ. ನೀವು ಹೂಂ ಅಂದ್ರೆ, ರೀಪು ಸಾಲ್ದು ಅಂತ ನಾನೇ ಹೇಳಿಬಿಡ್ತೀನಿ, ಅಕ್ಕ. ಅವರಿಗೆ ಕಾಣಲ್ವಲ್ಲ."

"ಕಾಣಲ್ಲ," ಎಂದಳು ಸೊಸೆ. "ಮುಂದಕ್ಕೆ ಇದನ್ನೇ ಹೊಡೀರಿ. ಅವರು ಎದ್ದ ಮೇಲೆ ಶುರು ಮಾಡಿ."

ಬಡಗಿ ಚೀಲ ಇಳಿಸಿ ಮುಖ ತೊಳೆಯಲು ಹೋದ. ಸೊಸೆ ಎಡಗಡೆಯ ರಾಶಿಯ ಮೇಲೆ ಕುಸಿದು ಕೂತಳು. ಅಡಿಯಲ್ಲೆಲ್ಲೋ ಒಂದು ರೀಪು ಮೆತ್ತಗೆ ಮುರಿಯಿತು. ಅವಳು ಏಳಲಿಲ್ಲ.