ಲಗ್ನಪತ್ರಿಕೆಗಳ ಪಕ್ಕದಲ್ಲಿ ಲಿನಕ್ಸ್

ನನಗೆ ಯಾರಾದರೂ ಬೇಡ ಅಂದರೆ ಮುಗಿಯಿತು, ಆ ಕೆಲಸ ಮಾಡಿಯೇ ತೀರಬೇಕು. ತವರಿನಲ್ಲಿ ಇದಕ್ಕೆ ಹಟಮಾರಿತನ ಎನ್ನುತ್ತಿದ್ದರು. ಗಂಡನ ಮನೆಯಲ್ಲಿ ಹೆಸರಿಡುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಸಿಂದಗಿಯ ಬಜಾರದಲ್ಲಿ ನನ್ನ ಭಾವ ಸಂಗಮೇಶ ಅವರದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಇರುವುದು ಒಂದೇ ಕಂಪ್ಯೂಟರ್. ಅದರ ಮುಂದಿನ ಕುರ್ಚಿಯಲ್ಲಿ ಕೂತು ಟೈಪ್ ಮಾಡುವವಳು ನಾನು, ಸುನಂದಾ. ನಮ್ಮ ಗಿರಾಕಿಗಳು ಏನನ್ನೂ ಬರೆದುಕೊಂಡು ಬರುವುದಿಲ್ಲ. "ಹಿರೇಮಗಳ ಲಗ್ನದಾಗ ಹಾಕಿದ್ರಲ್ಲ, ಹಂಗ ಹಾಕ್ರಿ" ಎಂದು ಹೇಳಿ ಚಹಾ ಕುಡಿಯಲು ಹೋಗುತ್ತಾರೆ. ಯಾವ ಕಾಕಾನ ಹೆಸರು ಯಾವ ಮಾಮಾನ ಮೇಲೆ ಬರಬೇಕು ಎಂಬುದೆಲ್ಲ ಆ ಕಂಪ್ಯೂಟರಿನಲ್ಲಿರುವ ಹಳೆಯ ಪತ್ರಿಕೆಗಳಲ್ಲೇ ಇದೆ. ಅವು ಹೋದರೆ ಅಂಗಡಿ ಹೋದಂತೆ.

ಎರಡು ಸಾವಿರದ ನಾಲ್ಕನೇ ಇಸವಿ. ಊರಿನ ಒಂದು ಸಾಲೆಯಲ್ಲಿ ಬೆಳಗಿನ ಹೊತ್ತು ಕಂಪ್ಯೂಟರ್ ಕಲಿಸುವ ಕೆಲಸ ಖಾಲಿ ಇತ್ತು. ಆದರೆ ಅಲ್ಲಿ ಕಂಪ್ಯೂಟರ್ ನಡೆಸುವುದು ವಿಂಡೋಸ್ ಅಲ್ಲ, ಲಿನಕ್ಸ್. ದಸರೆ ರಜೆ ಮುಗಿದ ಕೂಡಲೇ ಸಂದರ್ಶನ. ಕಲಿಯಬೇಕೆಂದರೆ ಅಂಗಡಿಯ ಕಂಪ್ಯೂಟರಿನಲ್ಲೇ ವಿಂಡೋಸಿನ ಪಕ್ಕಕ್ಕೆ ಅದನ್ನೂ ಹಾಕಬೇಕು.

"ಒಂದ ಪತ್ರಿಕಿ ಹೋದ್ರೂ ನೀ ಆ ಖುರ್ಚಿ ಮ್ಯಾಲ ಕುಂದ್ರೂದು ಬಂದ್" ಎಂದರು ಭಾವ.

"ಆತ್ರಿ" ಅಂದೆ.

ಏನಾದರೂ ಕೆಟ್ಟರೆ ಇರಲಿ ಎಂದು, ಕಂಪ್ಯೂಟರಿನ ಡಬ್ಬಿಯನ್ನೇ ವಿಜಾಪುರದ ಒಂದು ಅಂಗಡಿಗೆ ಒಯ್ದು ಎಲ್ಲ ಪತ್ರಿಕೆಗಳನ್ನೂ ಸೀಡಿಗಳಿಗೆ ಹಾಕಿಸಿಕೊಂಡು ಬಂದೆ. ಅಷ್ಟರಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಬಂತು. ಅತ್ತೆ ಇಂದುಬಾಯಿ ಕಂಪ್ಯೂಟರಿಗೆ ವಿಭೂತಿ ಹಚ್ಚಿದರು, ಸೀಡಿಗಳಿಗೂ ಹಚ್ಚಿದರು. ಯಾವ ಬದಿಗೆ? ಹೊಳೆಯುವ ಬದಿಗೆ! ಹೊಳೆಯುವುದೇ ಮುಖ ಎಂದು ಅವರ ಲೆಕ್ಕ. ಕಾಯಿ ಒಡೆದಾಗ ನೀರು ಸಿಡಿದು ರಾಡಿಯಾಯಿತಂತೆ. ತಂಬಿಗೆ ಬೆಳಗುವ ಹಾಗೆ ಬೂದಿ ಹಾಕಿ ತಿಕ್ಕಿ ಬೆಳಗಿಯೂ ಬಿಟ್ಟರು.

ಯಾವ ಸೀಡಿಯನ್ನೂ ಕಂಪ್ಯೂಟರ್ ಓದಲಿಲ್ಲ. ವಿಜಾಪುರದ ಅಂಗಡಿಗೆ ಹಬ್ಬದ ರಜೆ, ಇನ್ನೊಮ್ಮೆ ಹಾಕಿಸಲು ದಾರಿಯಿಲ್ಲ.

"ಚಲೋ ಆಗ್ಲಿ ಅಂತ ಹಚ್ಚಿದ್ನವಾ, ನನ್ನ ಕೈಗೆ ಬೆಂಕಿ ಹತ್ಲಿ" ಎಂದು ಅತ್ತೆ ಅತ್ತರು. ಸಿಟ್ಟು ನೆತ್ತಿಗೇರಿತ್ತು, ಆದರೆ ಅವರ ಮುಖ ನೋಡಿ ನುಂಗಿಕೊಂಡೆ.

"ಹಂಗಾರ ಬ್ಯಾಡ. ಮುಗೀತು" ಎಂದರು ಭಾವ.

"ಮುಗಿದಿಲ್ರಿ. ಜ್ವಾಕಿ ಮಾಡಿ ಹಾಕ್ತೇನಿ."

ಅತ್ತೆ ಕಣ್ಣೊರೆಸಿಕೊಂಡರು. "ಸಂಗೂ, ಆಕಿ ಮಾಡ್ಲಿ ಬಿಡು. ಕೆಟ್ರ ನನಗ ಅನ್ನು."

ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಎನ್ನುವ ತನಕ ಪೂಜೆಗೆ ಇಟ್ಟದ್ದನ್ನು ಮುಟ್ಟುವಂತಿಲ್ಲ. ಮರುದಿನ ಬೆಳಿಗ್ಗೆ ಕೂತೆ. ಮೊದಲು ಡಿಸ್ಕಿನಲ್ಲಿ ದೋಷವಿದೆಯೇ ಎಂದು ನೋಡಿದೆ. ಚದುರಿದ ಫೈಲುಗಳನ್ನೆಲ್ಲ ಒಂದು ಬದಿಗೆ ಸರಿಸಿದೆ. ಆಮೇಲೆ, ಪೂಜೆಗೆ ಸಿಗದೆ ನನ್ನ ಚೀಲದಲ್ಲೇ ಉಳಿದಿದ್ದ ಲಿನಕ್ಸ್ ಸೀಡಿ ಹಾಕಿದೆ. ಇಡೀ ಡಿಸ್ಕ್ ಅಳಿಸಲೇ ಎಂದು ಮೊದಲಿಗೇ ಕೇಳಿತು, ಹಾಳಾದ್ದು! ಬೇಡ ಎಂದು, ವಿಂಡೋಸಿನ ಜಾಗವನ್ನು ಕುಗ್ಗಿಸಿ ಖಾಲಿ ಜಾಗ ಬಿಡಿಸಲು ಹೇಳಿದೆ. ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪರದೆಯ ಮೇಲೆ ಅರ್ಧ ತುಂಬಿರಬೇಕು, ಕರೆಂಟ್ ಹೋಯಿತು.

ಯುಪಿಎಸ್ ಕುಂಯ್ ಕುಂಯ್ ಎಂದು ಕೂಗತೊಡಗಿತು. ಅದರ ಬ್ಯಾಟರಿ ಹಳೆಯದು. ಕುಗ್ಗಿಸುವ ಕೆಲಸ ನಡುವೆ ನಿಂತರೆ ಪತ್ರಿಕೆಗಳ ಕಥೆ ಮುಗಿದಂತೆ.

"ಭಾವಾರ, ಕುತುಬುದ್ದೀನಂದು ಜನರೇಟರ್ ತರ್ರಿ, ಲಗು!"

ಮದುವೆಗಳಿಗೆ ಜನರೇಟರ್ ಬಾಡಿಗೆ ಕೊಡುವ ಕುತುಬುದ್ದೀನನ ಅಂಗಡಿ ನಮ್ಮ ಎದುರಿಗೇ. ಬೈಯಲು ಬಾಯಿ ತೆರೆದಿದ್ದ ಭಾವ ಚಪ್ಪಲಿಯನ್ನೂ ಮೆಟ್ಟದೆ ಓಡಿದರು.

ಬ್ಯಾಟರಿಯನ್ನು ತಿನ್ನುವುದು ಆ ದಪ್ಪ ಮಾನಿಟರ್. ಅದನ್ನು ಆರಿಸಿಬಿಟ್ಟೆ.

"ಅಯ್ಯ, ಬಂದ್ ಆತೇನ?" ಅತ್ತೆ ಎದೆ ಹಿಡಿದುಕೊಂಡರು.

"ಇಲ್ರಿ ಅತ್ತಿ. ಡಬ್ಬಿ ಮ್ಯಾಲಿನ ಆ ಕೆಂಪು ದೀಪ ನೋಡ್ರಿ. ಅದು ಮಿಣಕ್ ಮಿಣಕ್ ಅನ್ನೂತನಕ ಕೆಲಸ ನಡದೈತಿ."

ಕತ್ತಲೆ ಪರದೆಯ ಮುಂದೆ ಇಬ್ಬರೂ ಆ ದೀಪ ನೋಡುತ್ತ ಕೂತೆವು. ಅತ್ತೆ ಒಂದೊಂದೇ ಮಿಣುಕನ್ನು ಎಣಿಸತೊಡಗಿದರು, ನಾನೂ ಎಣಿಸಿದೆ, ಸುಳ್ಳೇಕೆ ಹೇಳಲಿ. ಯುಪಿಎಸ್ ಕೂಗು ಜೋರಾಗಿ, ಒಂದೇ ಸಮನೆ ಆಯಿತು. ಅಷ್ಟರಲ್ಲಿ ಹೊರಗೆ ಜನರೇಟರ್ ಗುಡುಗಿತು. ಭಾವ ಕಿಟಕಿಯಿಂದ ವೈರ್ ಒಳಗೆಸೆದರು. ನಾನು ಯುಪಿಎಸ್ ಪಿನ್ನು ಅದಕ್ಕೆ ಚುಚ್ಚಿದೆ. ಕೂಗು ನಿಂತಿತು.

ಮಾನಿಟರ್ ಹಾಕಿದರೆ ಪಟ್ಟಿ ಪೂರ್ತಿ ತುಂಬಿತ್ತು!

ಲಿನಕ್ಸ್ ಹಾಕಿ ಮುಗಿಸಿ, ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಚಾಲು ಮಾಡಿದೆ. ಪರದೆಯ ಮೇಲೆ ಲಿನಕ್ಸ್, ವಿಂಡೋಸ್ ಎಂದು ಎರಡು ಹೆಸರು ಬಂದವು. ವಿಂಡೋಸ್ ಆಯ್ದುಕೊಂಡೆ, ತಿಣುಕಾಡಿ ತೆರೆದುಕೊಂಡಿತು.

"ಏಳು" ಎಂದು ಭಾವ ತಾವೇ ಕುರ್ಚಿಯಲ್ಲಿ ಕೂತರು. ಕನ್ನೊಳ್ಳಿಯ ಅಮಸಿದ್ದನ ಮಗಳ ಪತ್ರಿಕೆ ತೆಗೆದರು. ಹಿಂದೊಮ್ಮೆ ಒಬ್ಬ ಕಾಕಾನ ಹೆಸರು ಕೆಳಗಾಯಿತೆಂದು ಇದೇ ಅಂಗಡಿಯ ಮುಂದೆ ಅವರ ಮಂದಿ ಕೈಕೈ ಮಿಲಾಯಿಸಿದ್ದ ಪತ್ರಿಕೆ ಅದು. ಕಾಕಾಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದರು. ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಮಧ್ಯಾಹ್ನದ ಊಟ ಬಿಟ್ಟು ಎಲ್ಲವನ್ನೂ ತೆಗೆದು ನೋಡಿದರು. ಕೊನೆಗೆ ಎದ್ದು, ಹೆಗಲ ಟವೆಲಿನಿಂದ ಕುರ್ಚಿ ಒರೆಸಿದರು.

"ಕುಂದ್ರವಾ" ಎಂದರು.

ಅತ್ತೆ ವಿಭೂತಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಒಳಗ ಹೊಸಾದೊಂದು ಬಂದೈತಿ ಅಂದ್ಯಲ್ಲ, ಅದಕ್ಕೂ ಹಚ್ಚಬೇಕು. ನೀನ ಹಚ್ಚವಾ. ನಾ ಮುಟ್ಟೂದಿಲ್ಲ."

ನಾನು ಅವರ ಕೈ ಹಿಡಿದು ಎಳೆದುಕೊಂಡು ಬಂದೆ. ಅವರ ಮೂರು ಬೆರಳಿಗೂ ವಿಭೂತಿ ಬಳಿದು, ಆ ಕೈಯನ್ನೇ ಮಾನಿಟರಿನ ನೆತ್ತಿಯ ಮೇಲೆ ಎಳೆಸಿದೆ.