ಕಪಾಟಿನ ಸಂದಿ

ನನಗೊಂದು ಗುಟ್ಟಿನ ಭಯವಿದೆ. ಮಕ್ಕಳ ಮುಂದೆ ಹುಲಿಯಂತೆ ಗರ್ಜಿಸುತ್ತೇನೆ, ಕಪ್ಪೆಯಂತೆ ಕುಪ್ಪಳಿಸುತ್ತೇನೆ. ಆದರೆ ಅವರನ್ನು ಕರೆದೊಯ್ಯಲು ದೊಡ್ಡವರು ಬಂದರೆ ಸಾಕು, ನಾಲಿಗೆ ಅಂಟಿಕೊಳ್ಳುತ್ತದೆ. ಹೇಳಬೇಕಾದ್ದೆಲ್ಲ ಡೈರಿ ಸೇರುತ್ತದೆ.

ಡಿಗ್ರಿ ಮುಗಿಸಿ ಶಿಶುಪಾಲನಾ ಕೇಂದ್ರದ ಕೆಲಸಕ್ಕೆ ಸೇರಿದೆ. ಶನಿವಾರಗಳಲ್ಲಿ ಶಿಕ್ಷಕಿಯರ ತರಬೇತಿಗೂ ಹೋಗತೊಡಗಿದೆ. ದೊಡ್ಡಮ್ಮನಿಗೆ ನಗುವೋ ನಗು.

"ಮೂಗು ಒರೆಸೋಕೂ ಸರ್ಟಿಫಿಕೇಟಾ? ನಾನು ನಾಲ್ಕು ಹೆತ್ತೆ, ಯಾವ ಕಾಲೇಜಿಗೆ ಹೋಗಿದ್ದೆ?"

"ಅಲ್ಲಿ..." ಎಂದೆ. ಬಂದದ್ದು ಅಷ್ಟೇ.

ದೊಡ್ಡಮ್ಮನ ಮೊಮ್ಮಗಳು ಬರುವುದೂ ನಮ್ಮ ಕೇಂದ್ರಕ್ಕೇ. ಒಂದು ಸೋಮವಾರ ಅವಳ ತೋಳಿನ ಮೇಲೆ ಹಲ್ಲಿನ ಗುರುತು. ಕಚ್ಚಿದವನು ಮೂರು ವರ್ಷದ ಪೋರ. ಊರೆಲ್ಲ ಅವನನ್ನು ಕರೆಯುವುದು 'ಮೆಣಸಿನಕಾಯಿ' ಎಂದೇ. ಎರಡು ವಾರದಲ್ಲಿ ಇದು ನಾಲ್ಕನೇ ಸಲ. ಅವನನ್ನು ಕೇಂದ್ರದಿಂದ ಬಿಡಿಸಿ ಎಂದು ಪೋಷಕರು ಪಟ್ಟು ಹಿಡಿದರು. ಮುಂದಿನ ವಾರದ ಶುಕ್ರವಾರ ಸಭೆಯಲ್ಲಿ ತೀರ್ಮಾನ. ಬಿಡಿಸಿದರೆ ಅವನಮ್ಮ ಹೊಲಿಗೆ ಕಾರ್ಖಾನೆಯ ಕೆಲಸ ಬಿಡಬೇಕು. ಮಗನನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ.

ನಾನೂ ಅವನ ಬಗ್ಗೆ 'ಮಹಾ ಕೋಪಿಷ್ಠ' ಎಂದು ಬರೆದಿಟ್ಟಿದ್ದೆ. ಶನಿವಾರ ತರಬೇತಿಯ ಮೇಡಂ ಹೇಳಿದ್ದ ಮಾತು ನೆನಪಾಯಿತು: "ತುಂಟ, ಹಟಮಾರಿ ಅಂತೆಲ್ಲ ಬರೀಬೇಡಿ. ಎಲ್ಲಿ, ಯಾವಾಗ, ಅದಕ್ಕೆ ಮುಂಚೆ ಏನಾಯ್ತು? ಕಣ್ಣಿಗೆ ಕಂಡಷ್ಟೇ ಬರೀರಿ."

ಆ ಎರಡು ಪದ ಹೊಡೆದುಹಾಕಿ, ಕಣ್ಣಿಗೆ ಕಂಡದ್ದನ್ನು ಬರೆದೆ.

ಮಂಗಳವಾರ: ಊಟಕ್ಕೆ ಮುಂಚೆ, ಕೈತೊಳೆಯಲು ಹೋಗುವಾಗ, ಆಟಿಕೆಯ ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕಚ್ಚಲು ಬಾಯಿ ತೆರೆದ. ಕೈ ಅಡ್ಡ ಇಟ್ಟೆ. ಬುಧವಾರ: ಅದೇ ಹೊತ್ತು, ಅದೇ ಸಂದಿ. ಅಂಗಳದಲ್ಲಿ ಎರಡು ತಾಸು ಆಡಿದಾಗ ಒಮ್ಮೆಯೂ ಇಲ್ಲ!

ಒಂದು ಮಗು ದಾಟುವಷ್ಟೇ ಜಾಗದಲ್ಲಿ ಹದಿನಾರು ಮಕ್ಕಳು ನುಗ್ಗುತ್ತಿದ್ದರು. ಎಲ್ಲರಿಗಿಂತ ಚಿಕ್ಕವನು ನಡುವೆ ಸಿಕ್ಕಿ ಅಪ್ಪಚ್ಚಿ. 'ಸರಿ ಆಚೆ' ಎನ್ನಲು ಅವನಿಗಿನ್ನೂ ಮಾತು ಬಾರದು. ಹಲ್ಲು ಮಾತ್ರ ಬಂದಿತ್ತು.

ಗುರುವಾರ ಅಡುಗೆಯ ಅಕ್ಕನೂ ನಾನೂ ಕಪಾಟನ್ನು ಎರಡು ಮೊಳ ಆಚೆ ತಳ್ಳಿದೆವು. ಕೈತೊಳೆಯಲು ನಾಲ್ಕು ನಾಲ್ಕೇ ಮಕ್ಕಳನ್ನು ಕಳಿಸಿದೆ. ಅಂಗೈ ಮುಂದೆ ಚಾಚಿ 'ದಾರಿ ಬಿಡಿ' ಎಂದು ಸನ್ನೆ ಮಾಡುವುದನ್ನು ಅವನಿಗೆ ಕಲಿಸಿದೆ. ಸಭೆಯ ದಿನದವರೆಗೂ ಯಾರಿಗೂ ಹಲ್ಲು ತಾಗಲಿಲ್ಲ.

ಮಕ್ಕಳ ಕೋಣೆಯಲ್ಲೇ ನಡೆದ ಸಭೆಯಲ್ಲಿ ದೊಡ್ಡಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. "ಹೆತ್ತವರಿಗೆ ಹೆಗ್ಗಣ ಮುದ್ದು! ಕಚ್ಚಿಸಿಕೊಂಡೋರು ನಾವು ತಾನೇ?"

ಹುಡುಗನ ತಾಯಿ ತಲೆ ಎತ್ತಲಿಲ್ಲ. ಹೆಗಲ ಮೇಲೆ ದಾರದ ಚೂರುಗಳು ಹಾಗೇ ಇದ್ದವು.

ನಾನು ಎದ್ದು ನಿಂತೆ. ಡೈರಿ ತೆಗೆದು ಬರೆದದ್ದನ್ನು ಓದಿದೆ. ದೊಡ್ಡಮ್ಮ ಎದ್ದು ಹೋಗಿ, ಸಂದಿ ಇದ್ದ ಜಾಗದಲ್ಲಿ ನಿಂತು ಗೋಡೆಗೂ ಕಪಾಟಿಗೂ ಕೈ ಚಾಚಿ ಅಳೆದರು.

"ಇಷ್ಟು ದಿನ ಇದು ಯಾರ ಕಣ್ಣಿಗೂ ಬೀಳಲಿಲ್ಲವಲ್ಲೇ! ಹುಡುಗ ಇಲ್ಲೇ ಇರಲಿ ಬಿಡಿ," ಎಂದರು. ಉಳಿದ ಪೋಷಕರೂ ಒಪ್ಪಿದರು. ಆಮೇಲೆ ನನ್ನತ್ತ ತಿರುಗಿ, "ಎಲ್ಲಿಂದ ಬಂತೇ ಈ ಬುದ್ಧಿ?"

ನಿಮ್ಮ ಮಗುವನ್ನು ನೋಡಿಕೊಳ್ಳುವವರಿಗೆ ತರಬೇತಿ ಆಗಿದೆಯಾ ಎಂದು ಒಮ್ಮೆ ಕೇಳಿ ನೋಡಿ. ಮನೆಯ ಹೆಣ್ಣುಮಗಳು ಅದಕ್ಕೆ ಹೊರಟರೆ ನಗದೆ ಕಳಿಸಿ. ಯಾಕೆಂದು ಕೇಳಿದರೆ, ಅಂದು ತುಂಬಿದ ಕೋಣೆಯಲ್ಲಿ ಡೈರಿ ಮುಚ್ಚಿ ನಾನು ಹೇಳಿದ್ದೇ ಉತ್ತರ:

"ಪ್ರೀತಿ ನನಗೆ ಮೊದಲೂ ಇತ್ತು ದೊಡ್ಡಮ್ಮ. ಮಗೂನ ನೋಡೋದು ಹೇಗೆ ಅಂತ ಕಲಿತದ್ದು ತರಬೇತೀಲಿ."